ರೋಗಿಯನ್ನೇ ಕೇಳಿ: ಅಂಗವೈಕಲ್ಯ ಮತ್ತು ನಮ್ಮ ವೈದ್ಯಶಿಕ್ಷಣ



ಈ ದತ್ತಿ ಉಪನ್ಯಾಸದ ಆಶಯ ಸರಳವಾದದ್ದು: ಆರೋಗ್ಯದ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಬೇಕು. ಮೂವತ್ತೈದು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ ವಿಷಯಕ್ಕೆ ಬರವಿಲ್ಲ. ಆದರೆ ಆ ಮೂವತ್ತೈದು ವರ್ಷಗಳಲ್ಲಿ ಬಹುಪಾಲು ನಾನು ಹೇಳಿಕೊಡದೆ ಬಿಟ್ಟ ಪಾಠವೊಂದಿದೆ. ಅಂಗವೈಕಲ್ಯವಿರುವ ವ್ಯಕ್ತಿ ರೋಗಿಯಾಗಿ ಬಂದಾಗ ವೈದ್ಯ ಹೇಗೆ ನಡೆದುಕೊಳ್ಳಬೇಕು ಎಂಬ ಪಾಠ ಅದು. ಬಿಟ್ಟ ಪಾಠವನ್ನು ಇಂದಾದರೂ ಹೇಳೋಣವೆಂದು ಈ ವಿಷಯ ಆರಿಸಿಕೊಂಡಿದ್ದೇನೆ.

ಒಂದು ರಾತ್ರಿ ಪಾಳಿ

ನಾನು ಆಗ ಹೌಸ್ ಸರ್ಜನ್. ಸರಕಾರಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತೆರಡು ವರ್ಷದ ಯುವತಿಯೊಬ್ಬಳನ್ನು ಅವಳ ಅಣ್ಣ ಹೊತ್ತು ತಂದ. ಆಕೆಗೆ ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಸೆಟೆದಿದ್ದವು, ಮಾತು ತೊದಲಾಗಿ ಎಳೆದೆಳೆದು ಬರುತ್ತಿತ್ತು. ವಾಂತಿ ಮತ್ತು ಹೊಟ್ಟೆನೋವು ಎಂದ ಅಣ್ಣ. ಯಾವಾಗಿನಿಂದ, ಏನು ತಿಂದಿದ್ದಳು, ಮುಂಚೆ ಹೀಗಾಗಿತ್ತೇ ಎಂದು ನಾನು ಕೇಳಿದ್ದೆಲ್ಲ ಅವನನ್ನೇ. ತನಗೆ ಗೊತ್ತಿದ್ದಷ್ಟು ಅವನು ಹೇಳಿದ. ಚೀಟಿಯ ಮೇಲೆ 'ಬುದ್ಧಿಮಾಂದ್ಯ' ಎಂದು ಬರೆದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಮಾತು ತೊದಲಿದರೆ ಬುದ್ಧಿಯೂ ತೊದಲುತ್ತದೆ ಎಂದು ನಾನೇ ತೀರ್ಮಾನಿಸಿದ್ದೆ.

ಪರೀಕ್ಷೆಯ ಮೇಜಿನ ಮೇಲೆ ಮಲಗಿದ್ದ ಆಕೆ ಬಲಗೈಯನ್ನು ಹೊಟ್ಟೆಯ ಬಲಬದಿಗೆ ತರಲು ಮತ್ತೆ ಮತ್ತೆ ಹೆಣಗುತ್ತಿದ್ದಳು. ಸೆರೆಬ್ರಲ್ ಪಾಲ್ಸಿಯಲ್ಲಿ ಕೈಗಳು ತಾವಾಗಿ ಆಡುವುದುಂಟು, ಇದೂ ಅದೇ ಎಂದುಕೊಂಡೆ. ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು ವಾರ್ಡಿಗೆ ಕಳಿಸಿದೆ. ಮಾರನೆಯ ಸಂಜೆ ಸರ್ಜನ್ ಹೊಟ್ಟೆ ತೆರೆದಾಗ ಅಪೆಂಡಿಕ್ಸ್ ಒಡೆದು ಕೀವು ಹರಡಿತ್ತು.

ಆಕೆ ಬದುಕಿದಳು. ಆದರೆ ಮೂರು ದಿನದಲ್ಲಿ ಮುಗಿಯಬೇಕಾದದ್ದು ಮೂರು ವಾರ ಹಿಡಿಯಿತು. ಡಿಸ್ಚಾರ್ಜ್ ದಿನ ನಾನು ಹತ್ತಿರ ಹೋದಾಗ ಒಂದೊಂದೇ ಅಕ್ಷರ ಕೂಡಿಸಿ ಹೇಳಿದಳು: "ಡಾಕ್ಟ್ರೇ, ನಾನು ಹೇಳ್ತಾನೇ ಇದ್ದೆ. ನೀವು ಅಣ್ಣನ್ನ ಕೇಳ್ತಿದ್ರಿ." ಎಸ್ಸೆಸ್ಸೆಲ್ಸಿ ಮುಗಿಸಿದವಳು, ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ಎಂದು ನನಗೆ ತಿಳಿದದ್ದು ಆ ದಿನ. ಕೇಳಿದ್ದರೆ ಮೊದಲ ರಾತ್ರಿಯೇ ತಿಳಿಯುತ್ತಿತ್ತು.

ಹೊಸ ನೋವನ್ನು ಹಳೆಯ ಅಂಗವೈಕಲ್ಯದ ಲೆಕ್ಕಕ್ಕೆ ಹಾಕಿಬಿಡುವ ಈ ತಪ್ಪಿಗೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ: ಡಯಾಗ್ನಾಸ್ಟಿಕ್ ಓವರ್‌ಶ್ಯಾಡೋಯಿಂಗ್. ಕಣ್ಣಿಗೆ ಮೊದಲು ಬೀಳುವ ಅಂಗವೈಕಲ್ಯದ ನೆರಳಲ್ಲಿ ನಿಜವಾದ ಕಾಯಿಲೆ ಮರೆಯಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚು. ಅಂಥ ಹುಡುಗ ಮಂಕಾದರೆ 'ಇವರು ಇರುವುದೇ ಹೀಗೆ' ಎನ್ನುವ ವೈದ್ಯ ಥೈರಾಯ್ಡ್ ಪರೀಕ್ಷೆಗೆ ಬರೆಯುವುದಿಲ್ಲ. ಮಾತು ಬಾರದ ಮಗು ತಲೆಯನ್ನು ಗೋಡೆಗೆ ಬಡಿದುಕೊಂಡರೆ ಅದನ್ನು 'ಸ್ವಭಾವ' ಎನ್ನುತ್ತೇವೆ. ಹಲ್ಲಿನ ಹುಳುಕೋ ಕಿವಿಯ ಸೋಂಕೋ ಇದ್ದೀತೆಂದು ಬಾಯಿ, ಕಿವಿ ನೋಡುವುದಿಲ್ಲ.

ಎಷ್ಟು ಜನ, ಎಂಥ ನಂಬಿಕೆ

ಇದು ಅಪರೂಪದ ರೋಗಿಗಳ ಮಾತು ಎಂದು ಯಾರಿಗಾದರೂ ಅನ್ನಿಸಿದರೆ ಕೆಲವು ಅಂಕಿಗಳನ್ನು ನೋಡಬೇಕು. 2011ರ ಜನಗಣತಿಯಲ್ಲಿ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಮಂದಿ ಅಂಗವೈಕಲ್ಯವಿರುವವರೆಂದು ದಾಖಲಾದರು. ಅದು ಹಳೆಯ, ಚಿಕ್ಕ ಪಟ್ಟಿಯ ಎಣಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆ, ಪಾರ್ಕಿನ್ಸನ್, ಆಟಿಸಂ, ಆಸಿಡ್ ದಾಳಿಗೊಳಗಾದವರು ಎಲ್ಲ ಅದರಲ್ಲಿದ್ದಾರೆ. ಜಗತ್ತಿನಲ್ಲಿ 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ, ಗಮನಾರ್ಹವಾದ ಅಂಗವೈಕಲ್ಯವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿತು. ಅವರಲ್ಲಿ ಕೆಲವರು ಉಳಿದವರಿಗಿಂತ ಇಪ್ಪತ್ತು ವರ್ಷದವರೆಗೂ ಮುಂಚೆಯೇ ತೀರಿಕೊಳ್ಳುತ್ತಾರೆ ಎಂಬ ಮಾತೂ ಅಲ್ಲಿದೆ. ಅಂಗವೈಕಲ್ಯವೊಂದೇ ಅದಕ್ಕೆ ಕಾರಣವಲ್ಲ. ಬಡತನದ ಜೊತೆಗೆ, ಒಳಗೆ ಹೋಗಲಾಗದ ಆಸ್ಪತ್ರೆ, ಕಿವಿಗೊಡದ ವೈದ್ಯ ಇವೂ ಕಾರಣಗಳ ಪಟ್ಟಿಯಲ್ಲಿವೆ.

ವೈದ್ಯರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅಮೆರಿಕದ ಹಾರ್ವರ್ಡ್ ವೈದ್ಯಶಾಲೆಯ ಲಿಸಾ ಐಜೋನಿ ಮತ್ತು ಸಂಗಡಿಗರು ಅಳೆದು ನೋಡಿದರು. 714 ವೈದ್ಯರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ತೀವ್ರ ಅಂಗವೈಕಲ್ಯವಿರುವವರ ಬದುಕಿನ ಗುಣಮಟ್ಟ ಉಳಿದವರಿಗಿಂತ ಕೆಳಗೆ ಎಂದವರು ನೂರಕ್ಕೆ 82.4. ಅವರಿಗೂ ಅಷ್ಟೇ ಒಳ್ಳೆಯ ಚಿಕಿತ್ಸೆ ಕೊಡಬಲ್ಲೆ ಎಂಬ ದೃಢ ವಿಶ್ವಾಸವಿದ್ದವರು ನೂರಕ್ಕೆ 40.7 ಮಾತ್ರ. ಆದರೆ ಅಂಗವೈಕಲ್ಯವಿರುವವರನ್ನೇ ಕೇಳಿದಾಗ ಉತ್ತರ ಬೇರೆ ಬಂದಿತ್ತು. 1999ರಲ್ಲಿ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬ ಸಂಶೋಧಕರು ಮಾತನಾಡಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಬದುಕು ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂದಿದ್ದರು. ಹೊರಗೆ ನಿಂತು ನೋಡಿದವರ ಅಂದಾಜೇ ಬೇರೆ, ಬಾಳಿದವರ ಮಾತೇ ಬೇರೆ. 'ಈ ಬದುಕಿಗೆ ಇಷ್ಟು ಖರ್ಚೇಕೆ' ಎಂಬ ಯೋಚನೆ ವೈದ್ಯನ ಮನಸ್ಸಿನ ಮೂಲೆಯಲ್ಲಿದ್ದರೆ ವೆಂಟಿಲೇಟರ್ ಯಾರಿಗೆ, ಡಯಾಲಿಸಿಸ್ ಯಾರಿಗೆ ಎಂಬ ನಿರ್ಧಾರದಲ್ಲಿ ಅದು ಕೆಲಸ ಮಾಡದೆ ಇರುವುದಿಲ್ಲ.

ಶೇಕಡಾವಾರು ಕಲಿತೆವು, ಮಾತಾಡಿಸಲಿಲ್ಲ

ನಮ್ಮಲ್ಲಿ ಎಷ್ಟೋ ವಿಕಲಚೇತನರಿಗೆ ಆಸ್ಪತ್ರೆಯ ಪರಿಚಯವಾಗುವುದೇ ಪ್ರಮಾಣಪತ್ರದ ದಿನ. ಜಿಲ್ಲಾಸ್ಪತ್ರೆಯ ಆ ಕೊಠಡಿಯ ಮುಂದೆ ಬೆಳಗ್ಗೆಯೇ ಸಾಲು. ತಾಯಂದಿರ ತೊಡೆಯ ಮೇಲೆ ದೊಡ್ಡ ಮಕ್ಕಳು, ಊರುಗೋಲು, ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಎಕ್ಸ್‌ರೇ. ಒಳಗೆ ಹೋದರೆ ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದು ಶೇಕಡಾ 40 ಮುಟ್ಟಿತೋ ಇಲ್ಲವೋ ಎಂದು ಬರೆಯುತ್ತಾರೆ. ಬಸ್ ಪಾಸಿಗೂ ಮಾಸಾಶನಕ್ಕೂ ಆ ಅಂಕಿ ಬೇಕು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ಕೊಠಡಿಯಲ್ಲಿ ರಕ್ತದೊತ್ತಡ ನೋಡಿದವರು ಎಷ್ಟು? ಸಕ್ಕರೆ ಪರೀಕ್ಷೆ ಆಗಿದೆಯೇ, ಗರ್ಭಕಂಠದ ಪರೀಕ್ಷೆ ಆಗಿದೆಯೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದವರು ಎಷ್ಟು?

ವಾರ್ಡಿನ ಪಾಠವೂ ಇದೇ ದಾರಿಯದು. ಪೋಲಿಯೋ ಕಾಲಿನ ರೋಗಿ ಬಂದರೆ 'ಒಳ್ಳೇ ಕೇಸ್ ಇದೆ, ಬನ್ನಿ' ಎಂದು ಹುಡುಗರನ್ನು ಕರೆಯುತ್ತಿದ್ದೆವು. ಹತ್ತು ಮಂದಿ ಸುತ್ತ ನಿಂತು ಮೊಣಕಾಲಿಗೆ ಸುತ್ತಿಗೆ ತಟ್ಟುತ್ತಿದ್ದರು. ಅವರ ಹೆಸರು ಕೇಳುತ್ತಿರಲಿಲ್ಲ. ಅವರು ಬಂದದ್ದು ಜ್ವರಕ್ಕೆ ಎಂಬುದೂ ಎಷ್ಟೋ ಸಲ ಮರೆತುಹೋಗುತ್ತಿತ್ತು. ನಾನು ಇಂದು ಹೇಳಬೇಕಾದ ಮುಖ್ಯ ಮಾತು ಇದೇ: ನಮ್ಮ ಕಾಲೇಜುಗಳಿಗೆ ಅಂಗವೈಕಲ್ಯವಿರುವವರು ಇಷ್ಟು ಕಾಲ ಕೇಸ್ ಆಗಿ ಬಂದರು. ಇನ್ನು ಮೇಲೆ ಮೇಷ್ಟರಾಗಿ ಬರಬೇಕು.

ಗಾಲಿಕುರ್ಚಿಯ ಮೇಷ್ಟರು

ನನ್ನ ಸೇವೆಯ ಕೊನೆಯ ಕೆಲವು ವರ್ಷಗಳಲ್ಲಿ ನಾವು ಇದನ್ನು ಮಾಡಿ ನೋಡಿದೆವು. ಮಲೆನಾಡಿನ ಕಡೆಯ ಒಬ್ಬರು ತರಗತಿಗೆ ಬರುತ್ತಿದ್ದರು. ಅಡಿಕೆ ಕೊಯ್ಲಿನಲ್ಲಿ ಮರದಿಂದ ಬಿದ್ದು, ಎದೆಯ ಮಟ್ಟದಲ್ಲಿ ಬೆನ್ನುಹುರಿ ಜಖಂ ಆಗಿ ಹದಿನಾಲ್ಕು ವರ್ಷವಾಗಿತ್ತು. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರು.

ಮೊದಲ ದಿನವೇ ಒಬ್ಬ ವಿದ್ಯಾರ್ಥಿ ಸಹಾಯ ಮಾಡೋಣವೆಂದು ಓಡಿ ಬಂದು ಹಿಂದಿನಿಂದ ಗಾಲಿಕುರ್ಚಿ ತಳ್ಳಿದ. ಅವರು ಎರಡೂ ಚಕ್ರಗಳನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು. "ತಮ್ಮಾ, ಯಾರಾದ್ರೂ ಹಿಂದಿನಿಂದ ಬಂದು ನಿನ್ನ ಭುಜ ಹಿಡಿದು ನಡೆಸಿದ್ರೆ ಹೇಗಿರುತ್ತೆ? ಈ ಕುರ್ಚಿ ನನ್ನ ಮೈ ಇದ್ದ ಹಾಗೆ. ಮೊದಲು ನನ್ನನ್ನ ಕೇಳು" ಎಂದರು. ಸಿಟ್ಟಿರಲಿಲ್ಲ. ಆ ಬ್ಯಾಚಿನವರು ಇದನ್ನು ಮರೆಯಲಿಲ್ಲ.

ಆಮೇಲೆ ಪಾಠ. ಕುರ್ಚಿಯಿಂದ ಮಂಚಕ್ಕೆ ದಾಟುವುದು ಹೇಗೆ, ಬ್ರೇಕ್ ಮೊದಲು ಹಾಕಬೇಕು, ಹಲಗೆ ಎಲ್ಲಿ ಇಡಬೇಕು, ಕಂಕುಳಿಗೆ ಕೈಹಾಕಿ ಎಳೆದರೆ ಭುಜದ ಕೀಲಿಗೆ ಏಕೆ ಪೆಟ್ಟು. ಚರ್ಮಕ್ಕೆ ಸ್ಪರ್ಶ ಗೊತ್ತಾಗದಿದ್ದಾಗ ಒತ್ತುಹುಣ್ಣು ಹೇಗೆ ಸದ್ದಿಲ್ಲದೆ ಬರುತ್ತದೆ, ಮಲಗಿರುವವರನ್ನು ಎರಡು ಗಂಟೆಗೊಮ್ಮೆ ಏಕೆ ಮಗ್ಗುಲು ತಿರುಗಿಸಬೇಕು. ಕೊನೆಯಲ್ಲಿ ಅವರು ಹೇಳುತ್ತಿದ್ದ ಮಾತಿನಿಂದ ಒಂದು ಜೀವ ಉಳಿಯಬಹುದು. "ನನ್ನ ಬಿಪಿ ಯಾವಾಗ್ಲೂ ನೂರರ ಹತ್ತಿರ. ಅದು ನೂರಾ ನಲವತ್ತಕ್ಕೆ ಹೋಗಿ, ತಲೆ ಸಿಡಿದು, ಮುಖ ಬೆವರಿದ್ರೆ ಮಾತ್ರೆಗೆ ಓಡಬೇಡಿ. ಮೊದಲು ನನ್ನನ್ನ ಎತ್ತಿ ಕೂರಿಸಿ, ಬಟ್ಟೆ ಸಡಿಲ ಮಾಡಿ, ಆಮೇಲೆ ಕ್ಯಾತಿಟರ್ ಕಟ್ಟಿಕೊಂಡಿದೆಯಾ ನೋಡಿ" ಎನ್ನುತ್ತಿದ್ದರು. ಎದೆಯ ಆರನೇ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ಜಖಂ ಆದವರಲ್ಲಿ ಬರುವ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತುರ್ತುಸ್ಥಿತಿ ಇದು. ತುಂಬಿದ ಮೂತ್ರಕೋಶದಂಥ ಚಿಕ್ಕ ಕಾರಣಕ್ಕೂ ರಕ್ತದೊತ್ತಡ ಏರಿ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಪುಸ್ತಕದಲ್ಲಿ ಇದು ಅರ್ಧ ಪುಟವಿದೆ. ಅವರ ಬಾಯಲ್ಲಿ ಕೇಳಿದವರು ಪುಸ್ತಕ ತೆರೆಯಬೇಕಾಗಿಲ್ಲ.

ಇನ್ನೊಂದು ದಿನ ಅವರು ಕೇಳಿದರು: "ನನ್ನ ತೂಕ ಎಷ್ಟು?" ಒಬ್ಬ 60 ಎಂದ, ಇನ್ನೊಬ್ಬಳು 75 ಎಂದಳು. ಹದಿನಾಲ್ಕು ವರ್ಷದಲ್ಲಿ ಯಾವ ಆಸ್ಪತ್ರೆಯೂ ಅವರನ್ನು ತೂಗಿರಲಿಲ್ಲ. ನಿಂತು ತೂಗುವ ಯಂತ್ರ ಬಿಟ್ಟರೆ ಬೇರೆ ಎಲ್ಲೂ ಇರಲಿಲ್ಲ. ಅರಿವಳಿಕೆಯ ಪ್ರಮಾಣ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣ ಎಲ್ಲ ತೂಕದ ಮೇಲೆ ನಿಂತಿವೆ. ಅವರಿಗೆ ಎಲ್ಲವೂ ಕಣ್ಣಂದಾಜಿನಲ್ಲಿ ನಡೆದಿತ್ತು. ಕುರ್ಚಿ ಸಮೇತ ಹತ್ತಿಸುವ ಅಗಲವಾದ ತಟ್ಟೆಯ ತೂಕಯಂತ್ರವಿದ್ದರೆ ಸಾಕು, ಕುರ್ಚಿಯ ತೂಕ ಕಳೆದರಾಯಿತು.

ಕಣ್ಣಿಗೆ ಬಟ್ಟೆ ಕಟ್ಟಿ ಅರ್ಧ ಗಂಟೆ ನಡೆಸಿ 'ಅಂಧರ ಕಷ್ಟ ಅರಿಯಿರಿ' ಎನ್ನುವ ಕಾರ್ಯಕ್ರಮಗಳನ್ನು ನಾವೂ ಮಾಡಿದ್ದೆವು, ಆಮೇಲೆ ಬಿಟ್ಟೆವು. ಅದರಿಂದ ಹುಡುಗರಿಗೆ ಆಗುವುದು ಆಗತಾನೆ ಕಣ್ಣು ಹೋದವರ ಗಾಬರಿಯ ಅನುಭವ. ಮೂವತ್ತು ವರ್ಷ ದೃಷ್ಟಿಯಿಲ್ಲದೆ ಸಂಸಾರ ನಡೆಸಿದವರ ಜಾಣ್ಮೆ ಅದರಲ್ಲಿ ಕಾಣುವುದಿಲ್ಲ. ಮರುಕ ಹುಟ್ಟುತ್ತದೆ, ತಿಳಿವಳಿಕೆ ಹುಟ್ಟುವುದಿಲ್ಲ.

ಕಲಿಯಬೇಕಾದ ಕೆಲವು ಚಿಕ್ಕ ಸಂಗತಿಗಳು

ಒಪಿಡಿಯಲ್ಲಿ ಹೆಸರು ಕೂಗುತ್ತೇವೆ. ಕಿವಿ ಕೇಳದ ತಾಯಿ ಮೂರು ಗಂಟೆ ಕಾದು, ತನ್ನ ಸರದಿ ಹೋದದ್ದೇ ತಿಳಿಯದೆ ಕೂತಿರುತ್ತಾಳೆ. ಟೋಕನ್ ಸಂಖ್ಯೆ ಕಾಣುವಂತೆ ಹಾಕಿದರೆ ಆ ಕಷ್ಟ ತಪ್ಪುತ್ತದೆ. ಮಾಸ್ಕ್ ಹಾಕಿದ ವೈದ್ಯನ ತುಟಿ ಓದಲಾಗುವುದಿಲ್ಲ. ಗರ್ಭಪಾತದ ಸುದ್ದಿಯನ್ನು ಎಂಟು ವರ್ಷದ ಮಗಳ ಮೂಲಕ ತಾಯಿಗೆ ಹೇಳಿಸಬಾರದು, ಸಂಜ್ಞಾಭಾಷೆ ಬಲ್ಲ ದುಭಾಷಿ ಬೇಕು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಹಿರಿಯ ಸಂಸ್ಥೆಯಿದೆ. ಅಂಥ ಕಡೆಯ ತಜ್ಞರ ನೆರವಿನಿಂದ 'ನೋವು ಎಲ್ಲಿ, ಎಷ್ಟು ದಿನದಿಂದ, ಹೆದರಬೇಡಿ' ಎಂಬಷ್ಟು ಸಂಜ್ಞೆಗಳನ್ನಾದರೂ ಪ್ರತಿ ಹೌಸ್ ಸರ್ಜನ್ ಕಲಿಯಬಹುದು.

ದೃಷ್ಟಿಯಿಲ್ಲದವರ ಹತ್ತಿರ ಹೋದಾಗ ಹೆಸರು ಹೇಳಿ. ಮುಟ್ಟುವ ಮೊದಲು ಏನು ಮಾಡಲಿದ್ದೀರಿ ಎಂದು ತಿಳಿಸಿ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟು ಹಿಡಿದು ಒತ್ತಿಸಬೇಡಿ. ಹಿಮೋಫಿಲಿಯಾ ಇರುವವರಿಗೆ ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಬೇಡಿ, ಆಸ್ಪಿರಿನ್ ಕೊಡಬೇಡಿ. ಗಾಲಿಕುರ್ಚಿಯ ಮಹಿಳೆ ಬಂದರೆ ಆಕೆಗೆ ಮದುವೆ, ಮಕ್ಕಳು, ಗರ್ಭನಿರೋಧಕದ ಪ್ರಶ್ನೆಗಳೇ ಇರಲಾರವು ಎಂದುಕೊಳ್ಳಬೇಡಿ. ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂಬ ಪದಗಳಲ್ಲಿ ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎದುರಿಗಿರುವವರ ಹೆಸರೇ ಎಲ್ಲಕ್ಕಿಂತ ಸರಿಯಾದ ಪದ.

ಕಾಯ್ದೆ ಇದೆ, ಪಾಠ ಎಲ್ಲಿ?

ಭಾರತ 2007ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಅನುಮೋದನೆ ಕೊಟ್ಟಿತು. 2016ರ ಕಾಯ್ದೆಯ 25ನೇ ಕಲಮು ಸರಕಾರಿ, ಖಾಸಗಿ ಎರಡೂ ಆಸ್ಪತ್ರೆಗಳಲ್ಲಿ ತಡೆಯಿಲ್ಲದ ಪ್ರವೇಶ ಇರಬೇಕೆನ್ನುತ್ತದೆ. 47ನೇ ಕಲಮು ವೈದ್ಯರು, ದಾದಿಯರು ಮೊದಲಾದವರ ಶಿಕ್ಷಣದಲ್ಲಿ ಅಂಗವೈಕಲ್ಯದ ವಿಷಯ ಸೇರಿಸಬೇಕೆನ್ನುತ್ತದೆ. ಹೀಗಾಗಿ ಈ ಪಾಠ ಯಾರದೋ ಒಳ್ಳೆಯ ಮನಸ್ಸಿಗೆ ಬಿಟ್ಟದ್ದಲ್ಲ.

2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಾಗ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಅಂಗವೈಕಲ್ಯದ ಪಾಠಕ್ಕೆ ಜಾಗ ಸಿಕ್ಕಿತು. ಇದರ ಹಿಂದೆ ದೆಹಲಿಯ ವೈದ್ಯ ಪ್ರಾಧ್ಯಾಪಕ ಸತೇಂದ್ರ ಸಿಂಗ್ ಮತ್ತು ಅವರ ಬಳಗದ ಹಲವು ವರ್ಷಗಳ ಹೋರಾಟವಿತ್ತು. ಸತೇಂದ್ರ ಸಿಂಗ್ ಶೈಶವದಲ್ಲೇ ಪೋಲಿಯೋಗೆ ಒಳಗಾದವರು. ಆದರೆ 2024ರ ಆಗಸ್ಟ್ ಕೊನೆಯಲ್ಲಿ ಹೊರಟ ಹೊಸ ಮಾರ್ಗಸೂಚಿಯಲ್ಲಿ ಆ ಪಾಠವನ್ನು ಕೈಬಿಡಲಾಗಿತ್ತು. ಅದರಲ್ಲಿದ್ದ ಇನ್ನೂ ಕೆಲವು ಅಂಶಗಳಿಗೆ ದೇಶಾದ್ಯಂತ ವಿರೋಧ ಬಂದು, ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಮಾರ್ಗಸೂಚಿಯನ್ನು ಹಿಂಪಡೆದು ಪರಿಷ್ಕರಿಸಬೇಕಾಯಿತು. ಐದು ವರ್ಷದ ಗಿಡವನ್ನು ಒಂದು ಸುತ್ತೋಲೆ ಕಿತ್ತುಹಾಕಬಲ್ಲದು ಎಂದಾದರೆ ಅದು ಬೇರು ಬಿಟ್ಟಿರಲಿಲ್ಲ ಎಂದೇ ಅರ್ಥ.

ಬೇರು ಬಿಡುವುದು ಹೇಗೆ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆಯಿದೆ. ಆಟಿಸಂ, ಮೂರ್ಛೆರೋಗ ಇದ್ದ ಆಲಿವರ್ ಮೆಗೋವನ್ ಎಂಬ 18ರ ಹುಡುಗನಿಗೆ, ಅವನೂ ಹೆತ್ತವರೂ ಬೇಡವೆಂದರೂ ಮನೋರೋಗದ ಔಷಧ ಕೊಡಲಾಯಿತು. 2016ರ ನವೆಂಬರ್‌ನಲ್ಲಿ ಅವನು ತೀರಿಕೊಂಡ. ಅವನ ತಾಯಿ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದ ಫಲವಾಗಿ ಅಲ್ಲಿನ 2022ರ ಕಾಯ್ದೆಯಲ್ಲಿ ಆರೋಗ್ಯ ಸಿಬ್ಬಂದಿಗೆ ಈ ಬಗ್ಗೆ ತರಬೇತಿ ಕಡ್ಡಾಯವಾಯಿತು. ಆಲಿವರ್ ಹೆಸರಿನ ಆ ತರಬೇತಿಯಲ್ಲಿ ಆಟಿಸಂ ಇರುವವರು, ಕಲಿಕೆಯ ಅಂಗವೈಕಲ್ಯ ಇರುವವರು ಪಾಠ ಹೇಳುವವರ ಸಾಲಿನಲ್ಲೇ ನಿಲ್ಲುತ್ತಾರೆ.

ಬಿಳಿ ಕೋಟಿನೊಳಗೂ ಅವರಿರಲಿ

ಜೊತೆಯಲ್ಲಿ ಓದುವ ಗೆಳೆಯನಿಂದ ಕಲಿತಷ್ಟು ಯಾವ ಉಪನ್ಯಾಸದಿಂದಲೂ ಕಲಿಯುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠದಿಂದ ಮುದುಡಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಮುಂದೆ ಅಲ್ಲಿ ಪುನರ್ವಸತಿ ವಿಭಾಗ ಕಟ್ಟಿದರು. ನಮ್ಮ ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾದೊಂದಿಗೆ ಬದುಕುತ್ತ ಹಿಮೋಫಿಲಿಯಾ ಸೊಸೈಟಿ ಕಟ್ಟಿ ಅದೇ ಕಾಯಿಲೆಯವರಿಗೆ ಆಸರೆಯಾದರು.

ಸೀಟು ಕೊಡುವಾಗ ನಮ್ಮ ವ್ಯವಸ್ಥೆ ಇವರನ್ನು ನೆನೆಯುವುದಿಲ್ಲ, ನ್ಯಾಯಾಲಯವೇ ನೆನಪಿಸಬೇಕಾಗಿದೆ. 2024ರ ಅಕ್ಟೋಬರ್ 15ರಂದು ಓಂಕಾರ್ ಗೋಂಡ್ ಎಂಬ ವಿದ್ಯಾರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೇಕಡಾ 40 ಅಂಗವೈಕಲ್ಯ ಇದೆ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯನ್ನು ವೈದ್ಯಶಿಕ್ಷಣದಿಂದ ಹೊರಗಿಡುವಂತಿಲ್ಲ, ಅವರು ಏನು ಮಾಡಬಲ್ಲರು ಎಂಬುದನ್ನು ಅಳೆಯಬೇಕು ಎಂದಿತು. 2025ರಲ್ಲಿ, ಎರಡೂ ಕೈಗಳು ಸರಿಯಿರಲೇಬೇಕು ಎಂಬ ನಿಯಮವನ್ನೂ ತರಾಟೆಗೆ ತೆಗೆದುಕೊಂಡಿತು.

ಮಾಡಬೇಕಾದದ್ದು

ನನ್ನ ಬೇಡಿಕೆಗಳು ನಾಲ್ಕು. ಮೊದಲನೆಯದು, ಪ್ರತಿ ವೈದ್ಯಕೀಯ ಕಾಲೇಜು ಅಂಗವೈಕಲ್ಯವಿರುವವರನ್ನು ಗೌರವಧನ ಕೊಟ್ಟು ಬೋಧಕರಾಗಿ ನೇಮಿಸಲಿ. ವರ್ಷಕ್ಕೊಮ್ಮೆ, ವಿಶ್ವ ಅಂಗವಿಕಲರ ದಿನವಾದ ಡಿಸೆಂಬರ್ 3ರಂದು ಶಾಲು ಹೊದಿಸಿ ಕಳಿಸಿದರೆ ಸಾಲದು.

ಎರಡನೆಯದು, ಈ ಪಾಠ ಪರೀಕ್ಷೆಗೆ ಬರಲಿ. ಪರೀಕ್ಷೆಗಿಲ್ಲದ್ದನ್ನು ಹುಡುಗರು ಓದುವುದಿಲ್ಲ, ನಾವೂ ಓದಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಮೇಜು ಇದಕ್ಕೆ ಮೀಸಲಾಗಲಿ. ಮಾತು ತೊದಲುವ ರೋಗಿಯಿಂದ ಹಿಸ್ಟರಿ ತೆಗೆದುಕೊಳ್ಳುವುದು ಅಲ್ಲಿಯ ಪ್ರಶ್ನೆಯಾಗಲಿ, ಅಂಕ ಕೊಡುವವರಲ್ಲಿ ಆ ರೋಗಿಯೂ ಒಬ್ಬರಾಗಲಿ.

ಮೂರನೆಯದು, ಈಗ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ಗಮನಿಸುವ ಕಾರ್ಯಕ್ರಮವಿದೆ. ಅದರಲ್ಲಿ ಒಂದಾದರೂ ಅಂಗವೈಕಲ್ಯವಿರುವವರ ಮನೆಯಾಗಲಿ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಸ್ವತಃ ವಿಕಲಚೇತನರು, ಊರಿನ ಪ್ರತಿ ಮನೆಯನ್ನೂ ಬಲ್ಲವರು. ವಿದ್ಯಾರ್ಥಿ ಅವರ ಹಿಂದೆ ಒಂದು ದಿನ ಸುತ್ತಲಿ.

ನಾಲ್ಕನೆಯದು, ಬೋಧಕ ಆಸ್ಪತ್ರೆಗಳು ಮೊದಲು ತಮ್ಮ ಮನೆ ಸರಿಮಾಡಿಕೊಳ್ಳಲಿ. ಎತ್ತರ ತಗ್ಗಿಸಬಹುದಾದ ಒಂದು ಪರೀಕ್ಷಾ ಮೇಜು, ಕುರ್ಚಿ ಸಮೇತ ತೂಗುವ ಒಂದು ಯಂತ್ರ, ಬಾಗಿಲು ಅಗಲವಿರುವ ಒಂದು ಶೌಚಾಲಯ ಇರಲಿ. ಕೋಟಿಗಟ್ಟಲೆ ಬೆಲೆಯ ಸ್ಕ್ಯಾನಿಂಗ್ ಯಂತ್ರ ತರುವವರಿಗೆ ಇದು ಭಾರವಲ್ಲ.

ವಿದ್ಯಾರ್ಥಿ ಮಿತ್ರರೇ, ನಾಳೆ ಬೆಳಗ್ಗೆ ನಿಮ್ಮ ವಾರ್ಡಿಗೆ ಅಂಥವರೊಬ್ಬರು ಬಂದರೆ ಅವರ ಎದುರು ಕುರ್ಚಿ ಎಳೆದು ಕೂತು, ಅವರನ್ನೇ ಕೇಳಿ. ಉತ್ತರ ಬರಲು ತಡವಾದರೆ ಕಾಯಿರಿ. ಆ ರಾತ್ರಿ ನಾನು ಐದು ನಿಮಿಷ ಕಾದಿದ್ದರೆ ಒಂದು ಅಪೆಂಡಿಕ್ಸ್ ಒಡೆಯುತ್ತಿರಲಿಲ್ಲ.

ದತ್ತಿಯ ಹಿರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ಮುಂದಿನ ವರ್ಷ ಈ ಉಪನ್ಯಾಸಕ್ಕೆ ವಿಕಲಚೇತನರೊಬ್ಬರನ್ನು ಕರೆಯಿರಿ. ನಾನು ಇಂದು ಹೇಳಿದ್ದನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಈ ವೇದಿಕೆಗೆ ಹತ್ತಲು ನಾಲ್ಕು ಮೆಟ್ಟಿಲುಗಳಿವೆ, ಇಳಿಜಾರು ಇಲ್ಲ. ಆಹ್ವಾನ ಪತ್ರಿಕೆ ಅಚ್ಚಾಗುವ ಮೊದಲು ದಯವಿಟ್ಟು ಅದನ್ನು ಕಟ್ಟಿಸಿ.